ಸಹಿ ಹಾಕುವ ಮುಂಚೆ ಆ ಪಟ್ಟಿ ಇನ್ನೊಮ್ಮೆ ನೋಡಿ: ಅಮೆರಿಕದ ಕನ್ನಡಿಗ ಮ್ಯಾನೇಜರುಗಳಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಕಂಪನಿಗಳಲ್ಲಿ ಡೈರೆಕ್ಟರ್, ವೈಸ್ ಪ್ರೆಸಿಡೆಂಟ್, ಅದಕ್ಕೂ ಮೇಲಿನ ಕುರ್ಚಿಗಳಲ್ಲಿ ಕೂತಿರುವ ಕನ್ನಡದ ಅಕ್ಕ-ಅಣ್ಣಂದಿರಿಗೆ,

ನಮಸ್ಕಾರ.

ಈ ಪತ್ರವನ್ನು ಇಂಗ್ಲಿಷಿನಲ್ಲಿ ಬರೆದಿದ್ದರೆ ನಿಮ್ಮ ಕಂಪನಿಯ ವಕೀಲರು ಓದುತ್ತಿದ್ದರು, ಎಚ್‌ಆರ್‌ನವರು ಓದುತ್ತಿದ್ದರು. ನೀವು ಓದುತ್ತಿದ್ದಿರೋ ಇಲ್ಲವೋ, ಅನುಮಾನ. ಕನ್ನಡದಲ್ಲಿ ಬರೆದರೆ ನೀವೇ ಓದಬೇಕು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ವರ್ಷಕ್ಕೊಮ್ಮೆಯೋ ಎರಡು ಸಲವೋ ನಿಮ್ಮ ಮುಂದೆ ಒಂದು ಪಟ್ಟಿ ಬರುತ್ತದೆ. ಎಕ್ಸಿಕ್ಯೂಟಿವ್ ಎಜುಕೇಶನ್‌ಗೆ, ಅಂದರೆ ಮೇಲಿನ ಹುದ್ದೆಗೆ ಏರುವವರಿಗೆ ಬಿಸಿನೆಸ್ ಸ್ಕೂಲುಗಳು ನಡೆಸುವ ತರಬೇತಿಗೆ, ಈ ಸಲ ಯಾರನ್ನು ಕಳಿಸೋಣ ಅನ್ನುವ ಪಟ್ಟಿ. ಹಾರ್ವರ್ಡಿಗೆ ಒಬ್ಬರು, ವಾರ್ಟನ್‌ಗೆ ಒಬ್ಬರು, ಕೆಲಾಗ್‌ಗೆ ಇಬ್ಬರು, ಹೀಗೆ. ನಾನಿರುವುದು ನ್ಯೂಜೆರ್ಸಿಯಲ್ಲಿ. ಕೆಲಸ ಎಚ್‌ಆರ್‌ನ ತರಬೇತಿ ವಿಭಾಗದಲ್ಲಿ. ಇಂಥ ಪಟ್ಟಿ ಕಟ್ಟುವುದೇ ನನ್ನ ಹೊಟ್ಟೆಪಾಡು. ಒಂದು ಬಗೆಯ ಹೆಸರು ಆ ಪಟ್ಟಿಗೆ ಬರುವುದೇ ಅಪರೂಪ. ಬಂದರೂ ಕೊನೆಯ ಸುತ್ತಿನಲ್ಲಿ ಉದುರಿಹೋಗುತ್ತದೆ. ಅದು ಕಪ್ಪು ಮಹಿಳೆಯರ ಹೆಸರು. ಹೆಸರು ಉದುರುವಾಗ ಮೇಜಿನ ಸುತ್ತ ಕೂತವರಲ್ಲಿ ಈಗೀಗ ನಮ್ಮ ದೇಶದವರು ಜಾಸ್ತಿ. ಹಾಗಾಗಿ ಈ ಮಾತನ್ನು ನಿಮ್ಮ ಹತ್ತಿರ ಆಡದೆ ಇನ್ಯಾರ ಹತ್ತಿರ ಆಡಲಿ?

ಈ ಕೋರ್ಸುಗಳ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ, ನೀವೇ ಮುಗಿಸಿ ಬಂದವರು. ಆದರೂ ಒಂದು ಮಾತು. ಎಂಬಿಎ ಸೇರಬೇಕಾದರೆ ಪರೀಕ್ಷೆ ಇದೆ, ಅರ್ಜಿ ಇದೆ. ಅಪ್ಪ-ಅಮ್ಮ ಸಾಲ ಮಾಡಿಯಾದರೂ ಸೇರಿಸಬಹುದು. ಮೇಲಿನ ಹಂತದ ಎಕ್ಸಿಕ್ಯೂಟಿವ್ ಕೋರ್ಸು ಹಾಗಲ್ಲ. ಅಲ್ಲಿಗೆ ಹೆಚ್ಚಿನವರು ಬರುವುದು ಕಂಪನಿ ಕಳಿಸಿದರೆ. ಕೆಲವೇ ವಾರಕ್ಕೆ ಹತ್ತಾರು ಸಾವಿರ ಡಾಲರ್ ಫೀಸು, ಅದನ್ನೂ ಕಂಪನಿಯೇ ಕಟ್ಟುತ್ತದೆ. ಪರೀಕ್ಷೆ ಅಂತ ಇರುವುದು ಒಂದೇ, ಮೇಲಿನವರ ಸಹಿ. ಶಿಕಾಗೋ ವಿಶ್ವವಿದ್ಯಾಲಯ ಕೆಲಸದಲ್ಲಿರುವವರಿಗೆಂದೇ ಎಕ್ಸಿಕ್ಯೂಟಿವ್ ಎಂಬಿಎ ಶುರು ಮಾಡಿದ್ದು 1943ರಲ್ಲಿ. ಹಾರ್ವರ್ಡಿನ ಅಡ್ವಾನ್ಸ್ಡ್ ಮ್ಯಾನೇಜ್‌ಮೆಂಟ್ ಪ್ರೋಗ್ರಾಂ ಹುಟ್ಟಿದ್ದೂ ಎರಡನೇ ಮಹಾಯುದ್ಧದ ಕಾಲದ ತರಬೇತಿಯಿಂದ. ಅಂದಿನಿಂದ ಇಂದಿನವರೆಗೂ ಬಾಗಿಲ ಕೀಲಿ ಇರುವುದು ಕಾಲೇಜಿನ ಹತ್ತಿರ ಅಲ್ಲ, ಕಂಪನಿಯ ಮ್ಯಾನೇಜರ ಹತ್ತಿರ. ಅಂದರೆ ನಿಮ್ಮ ಹತ್ತಿರ.

‘ನಾವೇ ಹೊರಗಿನಿಂದ ಬಂದವರು, ನಮ್ಮ ಕೈಲೇನಿದೆ’ ಅನ್ನುವ ಮಾತನ್ನು ದಯವಿಟ್ಟು ತೆಗೆಯಬೇಡಿ. 2010ರಿಂದ 2020ರವರೆಗೆ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಡೀನ್ ಆಗಿದ್ದವರು ನಿತಿನ್ ನೊಹ್ರಿಯಾ. ಅವರ ನಂತರ ಶ್ರೀಕಾಂತ್ ದಾತಾರ್. ಮಂಗಳೂರು ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಪದವಿ, ಬೆಂಗಳೂರಿನ ಐಐಎಸ್‌ಸಿಯ ಮಾಸ್ಟರ್ಸ್ ಹಿಡಿದು ಬಂದ ಸುನಿಲ್ ಕುಮಾರ್ ಶಿಕಾಗೋದ ಬೂತ್ ಸ್ಕೂಲಿಗೆ ಡೀನ್ ಆದರು. ಈಗ ಟಫ್ಟ್ಸ್ ವಿಶ್ವವಿದ್ಯಾಲಯದ ಅಧ್ಯಕ್ಷರು. ಬೋಧಿಸುವ ಕಡೆಯೂ ನಮ್ಮವರಿದ್ದಾರೆ, ಕಳಿಸುವ ಕಡೆಯೂ ಇದ್ದಾರೆ.

ಇನ್ನು ನಿಮಗೆ ಲಿಲಿಯನ್ ಲಿಂಕನ್ ಲ್ಯಾಂಬರ್ಟ್ ಅವರ ಕಥೆ ಹೇಳಬೇಕು. ಕೇಳಿದ್ದರೆ ಒಳ್ಳೆಯದು. ನಮ್ಮ ಗುಂಪುಗಳಲ್ಲಿ ಕೇಳಿದರೆ ಸಾಮಾನ್ಯವಾಗಿ ಯಾರಿಗೂ ಗೊತ್ತಿರುವುದಿಲ್ಲ.

ವರ್ಜೀನಿಯಾದ ಬಾಲ್ಸ್‌ವಿಲ್ ಅನ್ನುವ ಹಳ್ಳಿಯ ರೈತರ ಮಗಳು. ಹೈಸ್ಕೂಲ್ ಮುಗಿಸಿ ನ್ಯೂಯಾರ್ಕಿಗೆ ಹೋದರು. ಅಲ್ಲಿ ಮನೆಗೆಲಸ ಮಾಡಿದರು. ಕಾಲೇಜು ಸೇರಿದ್ದು ತಡವಾಗಿ, ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯಕ್ಕೆ. ಅಲ್ಲಿ ನೇಯ್ಲರ್ ಫಿಟ್ಜ್‌ಹ್ಯೂ ಅಂತ ಒಬ್ಬ ಮೇಷ್ಟ್ರು. ಅವರು ಕಪ್ಪು ಜನಾಂಗದವರು, 1933ರಲ್ಲೇ ಹಾರ್ವರ್ಡಿನ ಎಂಬಿಎ ಮಾಡಿದ್ದವರು. ಆ ಕಾಲಕ್ಕೆ ಆ ಡಿಗ್ರಿ ಇದ್ದ ಕಪ್ಪು ಜನ ಎಷ್ಟಿದ್ದಾರು? ಡಿಗ್ರಿ ಇದ್ದರೂ ಕಂಪನಿಗಳ ಬಾಗಿಲು ಅವರಿಗೆ ಆಗ ತೆರೆಯಲಿಲ್ಲ. ಹೋವರ್ಡಿನಲ್ಲಿ ಪಾಠ ಹೇಳುತ್ತಾ ದಶಕಗಳೇ ಕಳೆದವು. ತನ್ನ ಕಾಲಕ್ಕೆ ಮುಚ್ಚಿದ್ದ ಬಾಗಿಲಿನತ್ತ ಅವರು ಈ ವಿದ್ಯಾರ್ಥಿನಿಯನ್ನು ತಳ್ಳಿದರು. ನೀನು ಹಾರ್ವರ್ಡಿಗೇ ಹೋಗು ಅಂತ ಪಟ್ಟು ಹಿಡಿದರು.

1967ರಲ್ಲಿ ಲಿಲಿಯನ್ ಸೇರಿದಾಗ ಅವರ ಬ್ಯಾಚಿನಲ್ಲಿ ಕಪ್ಪು ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಆ ಕಪ್ಪು ವಿದ್ಯಾರ್ಥಿಗಳಲ್ಲಿ ಹೆಂಗಸು ಇವರೊಬ್ಬರೇ. ಎರಡು ವರ್ಷದ ಪೂರ್ತಿ ಎಂಬಿಎಗೆ ಹೆಂಗಸರನ್ನು ಹಾರ್ವರ್ಡ್ ಸೇರಿಸಿಕೊಳ್ಳಲು ಶುರು ಮಾಡಿದ್ದೇ 1963ರಲ್ಲಿ, ಅದೂ ಎಂಟು ಜನರನ್ನು. ಅಂಥ ಕಡೆ ಇವರು ಸುಮ್ನೆ ತಲೆ ತಗ್ಗಿಸಿ ಓದಿಕೊಂಡು ಹೋಗಲಿಲ್ಲ. ಜೊತೆಯವರು ಸೇರಿ 1968ರಲ್ಲಿ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿಗಳ ಸಂಘ ಕಟ್ಟಿದರು. ಡೀನ್ ಹತ್ತಿರ ಹೋಗಿ, ನಮ್ಮಂಥವರನ್ನು ಇನ್ನಷ್ಟು ಜನರನ್ನು ಸೇರಿಸಿಕೊಳ್ಳಿ ಅಂತ ಕೂತರು. ಮುಂದಿನ ಬ್ಯಾಚುಗಳಲ್ಲಿ ಸಂಖ್ಯೆ ಏರಿತು. 1969ರಲ್ಲಿ ಲಿಲಿಯನ್ ಹಾರ್ವರ್ಡಿನಿಂದ ಎಂಬಿಎ ಪಡೆದ ಮೊದಲ ಕಪ್ಪು ಮಹಿಳೆಯಾದರು.

ಆಮೇಲೆ? 1976ರಲ್ಲಿ ಮೇರಿಲ್ಯಾಂಡಿನ ತಮ್ಮ ಮನೆಯ ಗ್ಯಾರೇಜಿನಲ್ಲಿ ಸೆಂಟೆನಿಯಲ್ ಒನ್ ಅಂತ ಕಂಪನಿ ತೆರೆದರು. ಕಟ್ಟಡಗಳನ್ನು ಕ್ಲೀನ್ ಮಾಡಿಸುವ ಕಂಪನಿ. ಬೇರೆಯವರ ಮನೆ ಗುಡಿಸಿದ್ದ ಹುಡುಗಿ ದೊಡ್ಡ ದೊಡ್ಡ ಆಫೀಸುಗಳನ್ನು ಗುಡಿಸುವ ಗುತ್ತಿಗೆ ಹಿಡಿದರು. ಕಂಪನಿ 1,200 ನೌಕರರವರೆಗೆ, ವರ್ಷಕ್ಕೆ 2 ಕೋಟಿ ಡಾಲರ್ ವಹಿವಾಟಿನವರೆಗೆ ಬೆಳೆಯಿತು. 2001ರಲ್ಲಿ ಅದನ್ನು ಮಾರಿದರು. 2003ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ತನ್ನ ಹಳೆ ವಿದ್ಯಾರ್ಥಿಗಳಿಗೆ ಕೊಡುವ ದೊಡ್ಡ ಪ್ರಶಸ್ತಿಯನ್ನು ಇವರಿಗೆ ಕೊಟ್ಟಿತು.

ಈ ಕಥೆ ಹೇಳಿದರೆ ನಮ್ಮವರು ‘ನೋಡಿ, ಕಷ್ಟಪಟ್ಟರೆ ಯಾರು ಬೇಕಾದರೂ ಮೇಲೆ ಬರಬಹುದು’ ಅಂತ ತಲೆಯಾಡಿಸುತ್ತಾರೆ. ನನಗೆ ಕಾಣುವುದು ಬೇರೆ. ಫಿಟ್ಜ್‌ಹ್ಯೂ ಇಲ್ಲದಿದ್ದರೆ ಈ ಕಥೆ ಹೋವರ್ಡಿನಲ್ಲೇ ನಿಲ್ಲುತ್ತಿತ್ತು. ಹೆಸರು ಹೇಳಿ ಕಳಿಸುವವರು ಒಬ್ಬರು ಬೇಕಿತ್ತು. ಇದ್ದರು. ಹಾಗೆ ಯಾರೂ ಇಲ್ಲದವರ ಕಥೆ ನಮಗೆ ಗೊತ್ತೇ ಆಗುವುದಿಲ್ಲ, ಅಲ್ವಾ?

ಅರ್ಸುಲಾ ಬರ್ನ್ಸ್ ಹೆಸರು ನೀವು ಖಂಡಿತ ಕೇಳಿರುತ್ತೀರಿ. 2009ರಲ್ಲಿ ಜೆರಾಕ್ಸ್ ಕಂಪನಿಯ ಸಿಇಒ ಆದವರು. ಫಾರ್ಚ್ಯೂನ್ 500, ಅಂದರೆ ಅಮೆರಿಕದ ಅತಿ ದೊಡ್ಡ ಐನೂರು ಕಂಪನಿಗಳಲ್ಲಿ ಒಂದನ್ನು ನಡೆಸಿದ ಮೊದಲ ಕಪ್ಪು ಮಹಿಳೆ. ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡಿನ ಸರ್ಕಾರಿ ವಸತಿಯಲ್ಲಿ ಬೆಳೆದವರು. ಪನಾಮಾದಿಂದ ಬಂದ ತಾಯಿ ಒಬ್ಬರೇ ದುಡಿಯುತ್ತಿದ್ದರು, ಬೇರೆಯವರ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು, ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಮಗಳು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದಳು, 1980ರಲ್ಲಿ ಬೇಸಿಗೆಯ ಇಂಟರ್ನ್ ಆಗಿ ಜೆರಾಕ್ಸ್ ಸೇರಿದಳು. ಇಷ್ಟು ಎಲ್ಲರಿಗೂ ಗೊತ್ತು. ನನಗೆ ಬೇಕಾದ ಭಾಗ ಇದರ ನಡುವೆ ಇದೆ.

1989ರ ಆಸುಪಾಸು. ಕಂಪನಿಯಲ್ಲಿ ಒಂದು ಸಭೆ. ಯಾರೋ ಎದ್ದು, ಎಲ್ಲ ಬಗೆಯ ಜನರನ್ನೂ ಸೇರಿಸಿಕೊಳ್ಳಲು ಹೋಗಿ ಗುಣಮಟ್ಟ ಇಳಿಯುವುದಿಲ್ಲವೇ ಎಂಬ ಅರ್ಥದ ಪ್ರಶ್ನೆ ಕೇಳಿದರು. ವೇಲ್ಯಾಂಡ್ ಹಿಕ್ಸ್ ಎಂಬ ಹಿರಿಯ ಅಧಿಕಾರಿ ತಣ್ಣಗೆ ಉತ್ತರ ಕೊಟ್ಟರು. ಬರ್ನ್ಸ್‌ಗೆ ಸಿಟ್ಟು ನೆತ್ತಿಗೇರಿತು. ಇಂಥ ಪ್ರಶ್ನೆಗೆ ಮರ್ಯಾದೆ ಕೊಟ್ಟು ಉತ್ತರಿಸುತ್ತೀರಲ್ಲ ಎಂದು ಎಲ್ಲರ ಎದುರಿಗೇ ಹಿಕ್ಸ್ ಮೇಲೆ ಏರಿ ಹೋದರು. ಸಭೆ ಆದ ಮೇಲೆ ಹಿಕ್ಸ್ ಕರೆಸಿದರು. ಮಾತು ಸ್ವಲ್ಪ ನೋಡಿಕೊಂಡು ಆಡು ಅಂದರು. ಜೊತೆಗೆ, ನನ್ನ ಎಕ್ಸಿಕ್ಯೂಟಿವ್ ಅಸಿಸ್ಟೆಂಟ್ ಆಗಿ ಬಾ ಅಂದರು. ಮುಂದೆ ಪಾಲ್ ಅಲೇರ್ ಕಂಪನಿಯ ಮುಖ್ಯಸ್ಥರಾಗಿದ್ದಾಗ ಇನ್ನೊಂದು ಸಭೆ. ಹೊಸಬರನ್ನು ತೆಗೆದುಕೊಳ್ಳಬೇಡಿ ಅಂತ ತಿಂಗಳು ತಿಂಗಳು ಹೇಳುತ್ತೀರಿ, ಆದರೂ ಪ್ರತಿ ತಿಂಗಳು ಜನ ಸೇರುತ್ತಲೇ ಇದ್ದಾರೆ, ಹಾಗಾದರೆ ಬೇಡ ಅಂದರೆ ಕೇಳುವವರು ಯಾರಿದ್ದಾರೆ ಅಂತ ಬರ್ನ್ಸ್ ಕೇಳಿಬಿಟ್ಟರು. 1991ರಲ್ಲಿ ಅಲೇರ್ ಅವರೂ ಇವರನ್ನು ತಮ್ಮ ಅಸಿಸ್ಟೆಂಟ್ ಮಾಡಿಕೊಂಡರು.

ಆ ಕೆಲಸ ಅಂದರೆ ಟೀ ತರಿಸುವುದಲ್ಲ. ದೊಡ್ಡವರ ಜೊತೆ ಎಲ್ಲ ಮೀಟಿಂಗಿಗೂ ಹೋಗುವುದು, ನಿರ್ಧಾರಗಳು ಹೇಗೆ ಆಗುತ್ತವೆ ಅಂತ ಪಕ್ಕದಲ್ಲೇ ಕೂತು ನೋಡುವುದು. ನನ್ನ ಲೆಕ್ಕದಲ್ಲಿ ಯಾವ ಬಿ-ಸ್ಕೂಲಿನ ಕೋರ್ಸಿಗಿಂತಲೂ ಅದು ದೊಡ್ಡ ಎಕ್ಸಿಕ್ಯೂಟಿವ್ ಎಜುಕೇಶನ್. ಅದನ್ನು ಕೊಟ್ಟ ಇಬ್ಬರೂ ಬಿಳಿ ಗಂಡಸರು. ಯಾವ ಬಾಯಿ ನೋಡಿ ಬೇರೆಯವರು ‘ಇವಳು ಜೋರು’ ಅಂತ ಬದಿಗೆ ಸರಿಸುತ್ತಿದ್ದರೋ, ಆ ಬಾಯಿ ನೋಡಿಯೇ ಇವರು ಹತ್ತಿರ ಕರೆದುಕೊಂಡರು.

ಈಗ ನಮ್ಮ ಕಾಲದ ಒಂದು ಮೀಟಿಂಗಿಗೆ ಬನ್ನಿ. ಟ್ಯಾಲೆಂಟ್ ರಿವ್ಯೂ. ಕಂಪನಿ ಯಾವುದು ಅಂತ ಕೇಳಬೇಡಿ. ಗೋಡೆಯ ಮೇಲಿನ ಸ್ಕ್ರೀನಿನಲ್ಲಿ ಒಂಬತ್ತು ಚೌಕ. ಅಡ್ಡಕ್ಕೆ ಕೆಲಸ ಹೇಗಿದೆ, ಉದ್ದಕ್ಕೆ ಮುಂದೆ ಎಷ್ಟು ಬೆಳೆಯಬಹುದು. ಒಬ್ಬೊಬ್ಬರ ಹೆಸರನ್ನೂ ಒಂದೊಂದು ಚೌಕಕ್ಕೆ ಎಳೆದು ಹಾಕುತ್ತಾ ಹೋಗುತ್ತಾರೆ. ಮೇಲೆ ಬಲಗಡೆಯ ಚೌಕದಲ್ಲಿ ಕೂತವರಿಗೆ ಕೋರ್ಸು, ಪ್ರಮೋಶನ್ ಎಲ್ಲ. ಸಪ್ಲೈ ಚೈನ್ ವಿಭಾಗದ ಒಬ್ಬ ಕಪ್ಪು ಮಹಿಳೆಯ ಹೆಸರು ಬಂತು. ಕೋವಿಡ್ ಹೊತ್ತಿನಲ್ಲಿ ಗೋದಾಮುಗಳು ಒಂದು ದಿನವೂ ನಿಲ್ಲದಂತೆ ನಡೆಸಿದವರು ಅವರು. ಅವರ ಬಾಸ್ ನಮ್ಮ ದೇಶದವರೇ, ಒಳ್ಳೆಯ ಮನುಷ್ಯ. ಅವರು ಹೇಳಿದ್ದು: ‘ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ಈಗ ಅಲ್ಲಿಂದ ಎಬ್ಬಿಸಿದರೆ ನನಗೆ ಕಷ್ಟ. ಮುಂದಿನ ವರ್ಷ ನೋಡೋಣ.’ ಅವರ ಹೆಸರು ಬಲಗಡೆಗೇನೋ ಹೋಯಿತು, ಮೇಲಕ್ಕೆ ಹತ್ತಲಿಲ್ಲ. ಮುಂದಿನ ಹೆಸರು ಅದೇ ವಿಭಾಗದ ಒಬ್ಬ ಹುಡುಗನದು. ಅನುಭವ ಕಡಿಮೆ. ‘ಇನ್ನೂ ಪಳಗಬೇಕು, ಆದರೆ ಕಿಡಿ ಇದೆ’ ಅಂದರು. ಅವನ ಹೆಸರು ಮೇಲಕ್ಕೆ ಹೋಯಿತು. ಎರಡೂ ಸೇರಿ ನಾಲ್ಕೈದು ನಿಮಿಷ ಆಗಿರಬಹುದು. ಯಾರೂ ಕೆಟ್ಟ ಮಾತಾಡಲಿಲ್ಲ. ಯಾರಿಗೂ ತಪ್ಪು ಅನ್ನಿಸಲೂ ಇಲ್ಲ.

ನೋಡಿ, ಒಬ್ಬರನ್ನು ಅವರು ಮಾಡಿ ತೋರಿಸಿದ ಕೆಲಸದಿಂದ ಅಳೆದರು. ಇನ್ನೊಬ್ಬರನ್ನು ಮುಂದೆ ಮಾಡಬಹುದಾದ ಕೆಲಸದಿಂದ ಅಳೆದರು. ಚೆನ್ನಾಗಿ ಕೆಲಸ ಮಾಡಿದ್ದಕ್ಕೇ ಆಕೆ ಅಲ್ಲೇ ಉಳಿಯಬೇಕಾಯಿತು.

ಇದು ಒಂದು ಆಫೀಸಿನ ಕಥೆ ಅಂದುಕೊಳ್ಳಬೇಡಿ. ಮೆಕಿನ್ಸಿ ಅನ್ನುವ ಸಲಹಾ ಕಂಪನಿ ಮತ್ತು ದುಡಿಯುವ ಮಹಿಳೆಯರ ಪರವಾಗಿರುವ ಲೀನ್‌ಇನ್ ಸಂಸ್ಥೆ ಪ್ರತಿ ವರ್ಷ ಕಂಪನಿಗಳ ಲೆಕ್ಕ ತೆಗೆಯುತ್ತವೆ. 2024ರ ವರದಿಯಂತೆ ಕೆಳಗಿನ ಹಂತದಿಂದ ಮ್ಯಾನೇಜರ್ ಹುದ್ದೆಗೆ 100 ಗಂಡಸರು ಏರಿದರೆ ಕಪ್ಪು ಮಹಿಳೆಯರು ಏರಿದ್ದು 54. ಇದು ಮೊದಲ ಮೆಟ್ಟಿಲಿನ ಮಾತು. ಕೊನೆಯ ಮೆಟ್ಟಿಲಿನ ಲೆಕ್ಕವೂ ಇದೆ. 1977ರಿಂದ 2015ರವರೆಗೆ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದಿ ಮುಗಿಸಿದ 532 ಕಪ್ಪು ಮಹಿಳೆಯರ ವೃತ್ತಿಜೀವನವನ್ನು ಸಂಶೋಧಕಿ ಲಾರಾ ಮಾರ್ಗನ್ ರಾಬರ್ಟ್ಸ್ ಮತ್ತು ಅವರ ಜೊತೆಗಾರರು ಹಿಂಬಾಲಿಸಿ ನೋಡಿದರು. 2018ರಲ್ಲಿ ಪ್ರಕಟಿಸಿದರು. ತೀರಾ ಮೇಲಿನ ಹುದ್ದೆ ಮುಟ್ಟಿದವರು 67. ಅವರಲ್ಲಿ 30 ಜನರನ್ನು ಕೂರಿಸಿ ಮಾತಾಡಿಸಿದರು. ಈ ಹೆಂಗಸರಲ್ಲಿ ಛಲ, ಚುರುಕು, ಜನರ ಮನಸ್ಸು ಓದುವ ಗುಣ ಇದ್ದೇ ಇತ್ತು. ಅದರ ಜೊತೆಗೆ ಅವರನ್ನು ಗುರುತಿಸಿ, ಬೆನ್ನಿಗೆ ನಿಂತವರೂ ಇದ್ದರು. ಹಾರ್ವರ್ಡಿನ ಡಿಗ್ರಿ ಇದ್ದವರಿಗೇ ಬೆನ್ನಿಗೆ ನಿಲ್ಲುವವರು ಬೇಕಾಗುತ್ತದೆ ಅಂದರೆ ಉಳಿದವರ ಪಾಡು ಏನು?

ಅರ್ಸುಲಾ ಬರ್ನ್ಸ್ 2016ರ ಕೊನೆಗೆ ಜೆರಾಕ್ಸ್ ಸಿಇಒ ಕುರ್ಚಿ ಬಿಟ್ಟರು. ಆಮೇಲೆ ನಾಲ್ಕು ವರ್ಷ ಫಾರ್ಚ್ಯೂನ್ 500ರಲ್ಲಿ ಖಾಯಂ ಸಿಇಒ ಆಗಿ ಒಬ್ಬ ಕಪ್ಪು ಮಹಿಳೆಯೂ ಇರಲಿಲ್ಲ. 2019ರಲ್ಲಿ ಮೇರಿ ವಿನ್‌ಸ್ಟನ್ ಸ್ವಲ್ಪ ಕಾಲ ಬೆಡ್ ಬಾತ್ ಅಂಡ್ ಬಿಯಾಂಡ್ ಕಂಪನಿಯನ್ನು ಹಂಗಾಮಿಯಾಗಿ ನೋಡಿಕೊಂಡರು, ಅಷ್ಟೇ. 2021ರ ಮಾರ್ಚಿನಲ್ಲಿ ರಾಝ್ ಬ್ರೂವರ್ ಔಷಧಿ ಅಂಗಡಿಗಳ ದೊಡ್ಡ ಕಂಪನಿ ವಾಲ್‌ಗ್ರೀನ್ಸ್‌ಗೆ ಸಿಇಒ ಆದರು. ಮೇ ತಿಂಗಳಲ್ಲಿ ಥಸುಂಡಾ ಬ್ರೌನ್ ಡಕೆಟ್ ಪಿಂಚಣಿ ಹಣ ನೋಡಿಕೊಳ್ಳುವ ಟಿಐಎಎ ಕಂಪನಿಯ ಮುಖ್ಯಸ್ಥರಾದರು. ಇಬ್ಬರಾದರು ಅಂತ ಪತ್ರಿಕೆಗಳು ಬರೆದವು. ಐನೂರರಲ್ಲಿ ಇಬ್ಬರು! ಬ್ರೂವರ್ 2023ರಲ್ಲಿ ಹೊರಬಂದರು.

ಬ್ರೂವರ್ ದಾರಿಯನ್ನು ಸ್ವಲ್ಪ ನೋಡಿ. ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿದವರು. ಕಿಂಬರ್ಲಿ-ಕ್ಲಾರ್ಕ್ ಕಂಪನಿಯ ಲ್ಯಾಬಿನಲ್ಲಿ ಶುರು ಮಾಡಿ 22 ವರ್ಷ ಅಲ್ಲೇ ಏರಿದರು. ಎಂಬಿಎ ಇಲ್ಲ. ಅದರ ಬದಲು ವಾರ್ಟನ್ನಿನ ಅಡ್ವಾನ್ಸ್ಡ್ ಮ್ಯಾನೇಜ್‌ಮೆಂಟ್ ಪ್ರೋಗ್ರಾಂ. ನಾನು ಹೇಳುತ್ತಿರುವ ಕೋರ್ಸು ಇದೇ. ಲ್ಯಾಬಿನಿಂದ ಬಂದವರನ್ನು ಬೋರ್ಡ್‌ರೂಮಿಗೆ ದಾಟಿಸುವ ಸೇತುವೆ. ಅವರು 2012ರಲ್ಲಿ ಸ್ಯಾಮ್ಸ್ ಕ್ಲಬ್ ಸಿಇಒ ಆದರು, ಆಮೇಲೆ ಸ್ಟಾರ್‌ಬಕ್ಸಿಗೆ ಹೋದರು. ಇಷ್ಟಾದ ಮೇಲೆ 2018ರಲ್ಲಿ ಸ್ಪೆಲ್ಮನ್ನಿನ ಹುಡುಗಿಯರ ಮುಂದೆ ಪದವಿ ಪ್ರದಾನದ ಭಾಷಣದಲ್ಲಿ ಅವರು ಹೇಳಿಕೊಂಡಿದ್ದು ಏನು ಗೊತ್ತಾ? ತಮ್ಮನ್ನು ಜನ ಈಗಲೂ ಅಡುಗೆಮನೆಯ ಕೆಲಸದವರು ಅಂದುಕೊಳ್ಳುವುದುಂಟು ಅಂತ.

ಹಾಗಂತ ಈ ಹೆಂಗಸರು ಬೇರೆಯವರ ಸಹಿಗಾಗಿ ಕಾದು ಕೂತವರಲ್ಲ. ತಮ್ಮ ಶಾಲೆಯನ್ನು ತಾವೇ ಕಟ್ಟಿಕೊಂಡವರಿದ್ದಾರೆ. ರಿಚ್ಮಂಡಿನ ಮ್ಯಾಗಿ ಲೀನಾ ವಾಕರ್ ಬಟ್ಟೆ ಒಗೆದು ಸಂಸಾರ ಸಾಕಿದ ತಾಯಿಯ ಮಗಳು. ಲೆಕ್ಕಪತ್ರ ಕಲಿತರು, ಊರಿನ ಒಂದು ಬ್ಯಾಂಕಿನಲ್ಲಿ ದಿನಾ ಕೆಲವು ಗಂಟೆ ಕೂತು ಕೆಲಸ ನೋಡಿ ಕಲಿತರು. 1903ರಲ್ಲಿ ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ತೆರೆದು ಅದರ ಅಧ್ಯಕ್ಷೆಯಾದರು. ಮೇಡಂ ಸಿ. ಜೆ. ವಾಕರ್ ತಾವೇ ಬಟ್ಟೆ ಒಗೆದು ಬದುಕಿದವರು. ಕೂದಲಿನ ಆರೈಕೆಯ ವಸ್ತುಗಳನ್ನು ಮಾರಿ ಕಾರ್ಖಾನೆ ಕಟ್ಟಿದರು. ಮಾರುವ ಹೆಂಗಸರಿಗೆ ತರಬೇತಿ ಕೊಡಲು 1908ರಲ್ಲೇ ಪಿಟ್ಸ್‌ಬರ್ಗಿನಲ್ಲಿ ಮಗಳ ಹೆಸರಿನ ಕಾಲೇಜು ಶುರು ಮಾಡಿದರು. 1912ರಲ್ಲಿ ಶಿಕಾಗೋದಲ್ಲಿ ಕಪ್ಪು ವ್ಯಾಪಾರಿಗಳ ದೊಡ್ಡ ಸಮ್ಮೇಳನ ನಡೆಯಿತು. ಅದನ್ನು ನಡೆಸುತ್ತಿದ್ದ ಕಪ್ಪು ಜನರ ನಾಯಕ ಬುಕರ್ ಟಿ. ವಾಷಿಂಗ್ಟನ್, ಮೇಡಂ ವಾಕರ್‌ಗೆ ಮಾತಾಡಲು ಅವಕಾಶ ಕೊಡಲೇ ಇಲ್ಲ. ಕೊನೆಗೆ ವಾಕರ್ ತಾವೇ ಎದ್ದು ನಿಂತರು. ಹತ್ತಿ ಹೊಲದಿಂದ ಬಟ್ಟೆ ಒಗೆಯುವ ಕಲ್ಲಿಗೆ, ಅಲ್ಲಿಂದ ಅಡುಗೆಮನೆಗೆ, ಅಲ್ಲಿಂದ ತಾನೇ ಈ ವ್ಯಾಪಾರಕ್ಕೆ ಬಂದೆ, ನನ್ನ ಜಾಗದಲ್ಲಿ ನನ್ನ ಕಾರ್ಖಾನೆ ಕಟ್ಟಿದ್ದೇನೆ ಅಂದರು. ಮರುವರ್ಷ ಅದೇ ಸಮ್ಮೇಳನಕ್ಕೆ ಅವರನ್ನು ಭಾಷಣಕ್ಕೆ ಕರೆದರು. ತಮ್ಮ ಜನಾಂಗದ ಗಂಡಸರೇ ದಾರಿ ಬಿಡದಿದ್ದಾಗ ಹೀಗೆ ಎದ್ದು ನಿಲ್ಲಬೇಕಾಯಿತು. ಹೆಣ್ಣು, ಅದರಲ್ಲೂ ಕಪ್ಪು ಹೆಣ್ಣು ಅಂದರೆ ಎರಡೂ ಕಡೆಯಿಂದ ಪೆಟ್ಟು. ಕಪ್ಪು ಜನರಿಗೆಂದು 1966ರಲ್ಲಿ ಶುರುವಾದ ಎಂಬಿಎ ವಿದ್ಯಾರ್ಥಿವೇತನದ ಒಕ್ಕೂಟ ಕೂಡ ಮೊದಲ ಬ್ಯಾಚಿಗೆ ತೆಗೆದುಕೊಂಡಿದ್ದು ಗಂಡಸರನ್ನು ಮಾತ್ರ.

ಇಷ್ಟೆಲ್ಲ ಈಗ ಯಾಕೆ ಅಂತೀರಾ? 2023ರಿಂದ ಈಚೆಗೆ ಏನಾಗುತ್ತಿದೆ ನೋಡಿ. ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ ಕಪ್ಪು ಮಹಿಳೆಯರು ನಡೆಸುವ ಸಣ್ಣ ಉದ್ಯಮಗಳಿಗೆ 20,000 ಡಾಲರ್ ಸಹಾಯಧನ ಕೊಡುತ್ತಿತ್ತು. ಅಂಥ ಮಹಿಳೆಯರ ಕಂಪನಿಗಳಿಗೆ ವೆಂಚರ್ ಕ್ಯಾಪಿಟಲ್, ಅಂದರೆ ಹೊಸ ಕಂಪನಿಗಳಿಗೆ ಹೂಡಿಕೆದಾರರು ಹಾಕುವ ಹಣ ಸಿಗುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ, ಅದಕ್ಕೇ ಈ ಫಂಡ್. ಬೇರೆ ಜನಾಂಗದವರನ್ನು ಹೊರಗಿಡುತ್ತದೆ ಅಂತ 2023ರ ಆಗಸ್ಟಿನಲ್ಲಿ ಅದರ ಮೇಲೆ ಕೇಸು ಬಿತ್ತು. 2024ರ ಜೂನಿನಲ್ಲಿ ಮೇಲಿನ ಕೋರ್ಟು ಫಂಡಿನ ವಿರುದ್ಧ ಆದೇಶ ಕೊಟ್ಟಿತು. ಸೆಪ್ಟೆಂಬರಿನಲ್ಲಿ ರಾಜಿಯಾಗಿ ಆ ಸಹಾಯಧನವೇ ನಿಂತಿತು. ಯಾವ ಕಾನೂನಿನ ಕೆಳಗೆ ಗೊತ್ತಾ? 1866ರ ನಾಗರಿಕ ಹಕ್ಕು ಕಾಯ್ದೆ. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾದವರಿಗೆ ಕರಾರು ಮಾಡಿಕೊಳ್ಳುವ ಹಕ್ಕು ಇರಲಿ ಅಂತ ತಂದ ಕಾಯ್ದೆ. ಅದನ್ನೇ ಅವರ ಮರಿಮಕ್ಕಳ ಮೇಲೆ ತಿರುಗಿಸಿದರು. ಕಾನೂನು ಪಂಡಿತರು ಏನಾದರೂ ಹೇಳಲಿ, ನನಗಂತೂ ಇದು ನ್ಯಾಯ ಅನ್ನಿಸಲಿಲ್ಲ.

ಇನ್ನೊಂದು ಉದಾಹರಣೆ ‘ಪಿಎಚ್‌ಡಿ ಪ್ರಾಜೆಕ್ಟ್’ ಅನ್ನುವ ಸಂಸ್ಥೆ. ಬಿಸಿನೆಸ್ ಸ್ಕೂಲುಗಳಲ್ಲಿ ಪಾಠ ಮಾಡುವ ಕಪ್ಪು, ಹಿಸ್ಪಾನಿಕ್ ಮತ್ತು ಮೂಲನಿವಾಸಿ ಪ್ರೊಫೆಸರುಗಳು ತೀರಾ ಕಡಿಮೆ ಅಂತ 1994ರಲ್ಲಿ ಶುರುವಾದದ್ದು. 2025ರ ಮಾರ್ಚಿನಲ್ಲಿ ಅಮೆರಿಕದ ಶಿಕ್ಷಣ ಇಲಾಖೆ, ಈ ಸಂಸ್ಥೆಯ ಜೊತೆ ಕೈಜೋಡಿಸಿದ್ದಕ್ಕೆ 45 ವಿಶ್ವವಿದ್ಯಾಲಯಗಳ ಮೇಲೆ ತನಿಖೆ ಶುರು ಮಾಡಿತು. ಕ್ಲಾಸಿನಲ್ಲಿ ಪಾಠ ಹೇಳುವವರು ಯಾರು ಅನ್ನುವುದು ಸಣ್ಣ ವಿಷಯವಲ್ಲ. ಹಾರ್ವರ್ಡಿನ ಕೇಸ್ ಸ್ಟಡಿಗಳಲ್ಲಿ, ಅಂದರೆ ಪಾಠಕ್ಕೆ ಬಳಸುವ ನಿಜ ಕಂಪನಿಗಳ ಕಥೆಗಳಲ್ಲಿ, ಕಪ್ಪು ನಾಯಕರು ಎಲ್ಲಿದ್ದಾರೆ ಅಂತ ಅಲ್ಲೇ ಪಾಠ ಮಾಡುತ್ತಿದ್ದ ಸ್ಟೀವನ್ ರಾಜರ್ಸ್ ವರ್ಷಗಟ್ಟಲೆ ಕೇಳಿದರು, ತಾವೇ ಕೇಸುಗಳನ್ನು ಬರೆದು ಒಂದು ಕೋರ್ಸನ್ನೂ ಮಾಡಿದರು, 2019ರಲ್ಲಿ ಬಿಟ್ಟು ಹೋದರು. ಮರುವರ್ಷ, ಕಪ್ಪು ಜನಾಂಗದ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತ ಮೇಲೆ, ವರ್ಣಭೇದದ ವಿರುದ್ಧ ನಮ್ಮ ಶಾಲೆ ಮಾಡಬೇಕಾದಷ್ಟು ಮಾಡಲಿಲ್ಲ ಅಂತ ಡೀನ್ ನೊಹ್ರಿಯಾ ಬಹಿರಂಗವಾಗಿ ಕ್ಷಮೆ ಕೇಳಿದರು. ಇದೇ ಹಾರ್ವರ್ಡ್ ಕೇಸುಗಳನ್ನು ಬೆಂಗಳೂರಿನ ಮ್ಯಾನೇಜ್‌ಮೆಂಟ್ ಕ್ಲಾಸುಗಳಲ್ಲೂ ಓದಿಸುತ್ತಾರೆ. ನಾಯಕ ಅಂದರೆ ಯಾವ ಮುಖ ಕಣ್ಮುಂದೆ ಬರಬೇಕು ಅನ್ನುವುದು ನಮ್ಮ ತಲೆಯಲ್ಲಿ ಕೂತಿದ್ದು ಹಾಗೇ. ಆ ತಲೆ ಹೊತ್ತುಕೊಂಡೇ ಟ್ಯಾಲೆಂಟ್ ರಿವ್ಯೂಗೆ ಬಂದು ಕೂರುತ್ತೇವೆ.

ಹೀಗೆ ಅವರಿಗೆಂದೇ ಇದ್ದ ದಾರಿಗಳು ಒಂದೊಂದಾಗಿ ಮುಚ್ಚುತ್ತಿವೆ. ಉಳಿದಿರುವುದು ಎಲ್ಲರಿಗೂ ಇರುವ ದಾರಿ, ಅಂದರೆ ಮ್ಯಾನೇಜರ ಸಹಿ.

ನೀವು ಹೇಳುವ ಮಾತು ನನಗೆ ಗೊತ್ತು. ‘ಕಾನೂನೇ ಹೀಗಿರುವಾಗ ಬಣ್ಣ ನೋಡಿ ಹೆಸರು ಹಾಕಿದರೆ ನನ್ನ ಕುತ್ತಿಗೆಗೆ ಬರುತ್ತೆ.’ ನಿಜ, ಬಣ್ಣ ನೋಡಿ ಆರಿಸುವಂತಿಲ್ಲ. ನಾನೂ ಅದನ್ನು ಕೇಳುತ್ತಿಲ್ಲ. ಈಗ ಬಣ್ಣ ನೋಡದೆ ಆರಿಸುತ್ತಿದ್ದೀರಿ ಅಂತ ಮಾತ್ರ ಅಂದುಕೊಳ್ಳಬೇಡಿ, ಅಷ್ಟೇ. ಹೆಸರುಗಳನ್ನು ನೋಡುವ ಮುಂಚೆ ಅಳತೆ ಏನು ಅಂತ ಬರೆದಿಡಿ. ಮಾಡಿದ ಕೆಲಸವೋ, ಮಾಡಬಹುದಾದ ಕೆಲಸವೋ, ಯಾವುದಾದರೂ ಸರಿ, ಎಲ್ಲರಿಗೂ ಅದೇ ಇರಲಿ. ‘ಇನ್ನೂ ರೆಡಿ ಇಲ್ಲ’ ಅಂದರೆ ಯಾವ ಕೆಲಸಕ್ಕೆ ರೆಡಿ ಇಲ್ಲ, ರೆಡಿ ಆಗಲು ಏನು ಬೇಕು, ಯಾವಾಗ ಅಂತ ಬರೆಸಿ. ‘ಅವಳನ್ನು ಎಬ್ಬಿಸಿದರೆ ಕಷ್ಟ’ ಅಂದರೆ ಅದು ಆಕೆಯ ಕೊರತೆಯಲ್ಲ, ಬಾಸ್‌ನ ಕೊರತೆ. ಆ ಕೆಲವು ವಾರ ಕೆಲಸ ನೋಡಿಕೊಳ್ಳಲು ಇನ್ನೊಬ್ಬರನ್ನು ತಯಾರು ಮಾಡುವುದು ಬಾಸ್‌ನ ಜವಾಬ್ದಾರಿ. ಇದರಲ್ಲಿ ಯಾವ ಕಾನೂನಿಗೂ ತಕರಾರಿಲ್ಲ.

ಎರಡನೇ ಮಾತೂ ಗೊತ್ತು. ‘ಎಚ್-1ಬಿ, ಗ್ರೀನ್ ಕಾರ್ಡ್ ಅಂತ ನಮ್ಮ ತಲೆನೋವೇ ನಮಗೆ ಬೆಟ್ಟದಷ್ಟಿದೆ. ನಮಗೆ ಯಾರು ದಾರಿ ಬಿಟ್ಟುಕೊಟ್ಟರು?’ ಬಿಟ್ಟುಕೊಟ್ಟವರು ಇದ್ದಾರೆ. ಬೀದಿಯಲ್ಲಿ ನಾಯಿ ಕಚ್ಚಿಸಿಕೊಂಡು, ಲಾಠಿ ಏಟು ತಿಂದು ಕಪ್ಪು ಜನ 1964ರ ನಾಗರಿಕ ಹಕ್ಕು ಕಾಯ್ದೆ ತರಿಸಿದರು. ಆ ಗಾಳಿಯಲ್ಲೇ 1965ರ ವಲಸೆ ಕಾಯ್ದೆ ಬಂತು. ಅದಕ್ಕೆ ಮುಂಚೆ ಭಾರತಕ್ಕೆ ಇದ್ದದ್ದು ವರ್ಷಕ್ಕೆ ನೂರು ವೀಸಾದ ಲೆಕ್ಕ. ಆ ಕಾಯ್ದೆ ಬರದಿದ್ದರೆ ದಾವಣಗೆರೆಯ ಇಂಜಿನಿಯರ್, ಮಣಿಪಾಲದ ಡಾಕ್ಟರ್ ಡೆಟ್ರಾಯಿಟಿಗೆ ಬರುತ್ತಿದ್ದರೇ? ಕನ್ನಡ ಕೂಟಗಳು ಇರುತ್ತಿದ್ದವೇ? ಇನ್ನೂ ಒಂದಿದೆ. ಹಿಂದುಳಿದವರ ಸಣ್ಣ ಉದ್ಯಮಗಳಿಗೆ ಸರ್ಕಾರಿ ಗುತ್ತಿಗೆ ಕೊಡುವ 8(ಎ) ಯೋಜನೆಗೆ 1982ರಲ್ಲಿ ಭಾರತೀಯ ಮೂಲದವರನ್ನೂ ಸೇರಿಸಿದರು. ಅದರಿಂದ ಬೆಳೆದ ನಮ್ಮವರ ಐಟಿ ಕಂಪನಿಗಳು ವಾಷಿಂಗ್ಟನ್ ಸುತ್ತಮುತ್ತ ಇವೆ. ಆ ಅಂಗಳದಲ್ಲಿ ಊಟ ಮಾಡಿದವರು ‘ಮೆರಿಟ್ ಒಂದೇ ಸಾಕು’ ಅಂತ ಭಾಷಣ ಮಾಡುವುದನ್ನು ಕೇಳಿದಾಗ ನಾನು ತಟ್ಟೆ ಹಿಡಿದುಕೊಂಡು ಬೇರೆ ಕಡೆ ಹೋಗುತ್ತೇನೆ.

ನಮ್ಮ ಮನೆಗಳಲ್ಲಿ ಕಪ್ಪು ಜನರ ಬಗ್ಗೆ ಆಡುವ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನಿಮಗೂ ಗೊತ್ತು, ನನಗೂ ಗೊತ್ತು. ಮಗಳು ಯಾವ ಏರಿಯಾದ ಸ್ಕೂಲಿಗೆ ಹೋಗಬಾರದು ಅನ್ನುವುದರಿಂದ ಹಿಡಿದು ಮದುವೆಯವರೆಗೆ. ಶನಿವಾರ ರಾತ್ರಿ ಡೈನಿಂಗ್ ಟೇಬಲ್ಲಿನಲ್ಲಿ ಆಡಿದ ಮಾತು ಸೋಮವಾರ ಬೆಳಿಗ್ಗೆ ಆಫೀಸಿಗೆ ಬರುವುದಿಲ್ಲ ಅಂತ ನಂಬುವುದು ಕಷ್ಟ. ‘ನಮ್ಮ ಹುಡುಗ, ಒಂದು ಕೈ ನೋಡು’ ಅಂತ ಫೋನ್ ಮಾಡುವ ಅಭ್ಯಾಸವಂತೂ ಇದ್ದೇ ಇದೆ. ಮಾಡಿ, ಬೇಡ ಅನ್ನಲ್ಲ. ಫಿಟ್ಜ್‌ಹ್ಯೂ ಮಾಡಿದ್ದೂ ಅದನ್ನೇ. ಆದರೆ ಅಂಥ ಫೋನ್ ಮಾಡುವವರು ಇಲ್ಲದವರ ಹೆಸರನ್ನೂ ಒಮ್ಮೆ ಎತ್ತಿ.

ಹಾಗೇ ಕನ್ನಡ ಕೂಟಗಳ ಪದಾಧಿಕಾರಿಗಳಿಗೂ ಒಂದು ಮನವಿ. ಅಮೆರಿಕದ ಕನ್ನಡಿಗರ ‘ಅಕ್ಕ’, ‘ನಾವಿಕ’ ಸಂಸ್ಥೆಗಳ ಸಮ್ಮೇಳನಗಳಲ್ಲಿ ಬಿಸಿನೆಸ್ ಫೋರಂ ಅಂತ ನಡೆಯುತ್ತದೆ. ವೇದಿಕೆಯ ಮೇಲೆ ನಮ್ಮವರೇ, ಅದರಲ್ಲೂ ಹೆಚ್ಚಿನವರು ಗಂಡಸರೇ, ಮತ್ತೆ ಮತ್ತೆ ಅದೇ ಮುಖಗಳು. ಮುಂದಿನ ಸಲ ನಿಮ್ಮ ಊರಿನ ಒಬ್ಬ ಕಪ್ಪು ಮಹಿಳಾ ಉದ್ಯಮಿಯನ್ನು ಕರೆಯಿರಿ. ವರ್ಣಭೇದದ ಬಗ್ಗೆ ಮಾತಾಡಿ ಅಂತ ಕರೆಯಬೇಡಿ. ಅವರಿಗೆ ಆ ಕೆಲಸ ಎಲ್ಲ ಕಡೆಯೂ ಇದ್ದೇ ಇದೆ. ವ್ಯಾಪಾರದ ಬಗ್ಗೆ ಮಾತಾಡಿಸಿ: ಬಂಡವಾಳ ಎಲ್ಲಿಂದ ತಂದರು, ಮೊದಲ ಗಿರಾಕಿ ಯಾರು, ಸಂಬಳ ಕೊಡಲು ದುಡ್ಡಿಲ್ಲದ ತಿಂಗಳು ಏನು ಮಾಡಿದರು. ನಮ್ಮ ಮೋಟೆಲ್, ಗ್ಯಾಸ್ ಸ್ಟೇಶನ್, ಐಟಿ ಕಂಪನಿ ನಡೆಸುವವರಿಗೆ ಕಲಿಯುವುದು ಬೇಕಾದಷ್ಟಿದೆ.

ಕೊನೆಯದಾಗಿ, ಕೋರ್ಸಿಗೆ ಕಳಿಸಿ ಕೈ ತೊಳೆದುಕೊಳ್ಳಬೇಡಿ. ಸರ್ಟಿಫಿಕೇಟ್ ತಂದು ಅದೇ ಕುರ್ಚಿಯಲ್ಲಿ ಕೂರಿಸಿದರೆ ಎರಡೇ ವರ್ಷದಲ್ಲಿ ಅವರು ಬೇರೆ ಕಂಪನಿಗೆ ಹೋಗುತ್ತಾರೆ. ಆಗ ‘ನೋಡಿ, ಕಳಿಸಿದ್ದು ದಂಡ’ ಅನ್ನುವವರು ರೆಡಿ ಇರುತ್ತಾರೆ. ನಾಮಿನೇಶನ್ ಫಾರಂನಲ್ಲಿ ‘ವಾಪಸ್ ಬಂದ ಮೇಲೆ ಯಾವ ಕೆಲಸ’ ಅಂತ ಒಂದು ಕಾಲಂ ಸಾಮಾನ್ಯವಾಗಿ ಇರುತ್ತದೆ. ಹೆಚ್ಚಿನವರು ಅದನ್ನು ಖಾಲಿ ಬಿಡುತ್ತಾರೆ. ಈ ಸಲ ಅಲ್ಲಿ ಹುದ್ದೆಯ ಹೆಸರು, ತಿಂಗಳು, ಕೈಕೆಳಗೆ ಎಷ್ಟು ಜನ, ಎಷ್ಟು ಬಜೆಟ್ ಅಂತ ತುಂಬಿಸಿ, ಆಮೇಲೆ ಸಹಿ ಹಾಕಿ. ಫಾರಂ ಅನ್ನು ನಿಮ್ಮ ಎಚ್‌ಆರ್‌ನವರು ಆ ಕಾಲಂ ಖಾಲಿ ಇದ್ದರೂ ಪಾಸು ಮಾಡುತ್ತಿದ್ದರೆ, ಅದನ್ನು ವಾಪಸ್ ಕಳಿಸಿ ಅಂತ ಅವರಿಗೆ ಹೇಳಿ. ನಾನು ನನ್ನ ಕಡೆ ಬರುವುದನ್ನು ವಾಪಸ್ ಕಳಿಸಲು ಶುರು ಮಾಡಿದ್ದೇನೆ. ಬೈಗುಳ ಬರುತ್ತಿವೆ, ಪರವಾಗಿಲ್ಲ.

ಇತಿ,
ನ್ಯೂಜೆರ್ಸಿಯಿಂದ ಒಬ್ಬ ಕನ್ನಡತಿ